ಹನ್ನೊಂದು ಮಿಲಿಮೀಟರ್

ತುಂಗಳ ಸಾಹೇಬ್ರ ದುರ್ಬೀನಿನ್ಯಾಗ
ಎಲ್ಲಾ ತಲಿಕೆಳಗ.
ಹಳೇ ಯಂತ್ರ, ಹಿತ್ತಾಳಿದು.
ಒಂದು ಸಲ ನನಗೂ ನೋಡಾಕ ಕೊಟ್ಟರು:
ಗುಳೇದಗುಡ್ಡದ ಆಚಿ ಕೆಂಪು ಬಂಡೆಗಲ್ಲಿನ ಸಾಲು
ಬಾವಲಿ ಹಂಗ ಜೋತು ಬಿದ್ದಿತ್ತು,
ಆಕಾಶ ಕೆಳಗ, ತುಂಬಿದ ಕೆರಿ ಹಂಗ.
ನೀನೂ ಹಿಂಗ ಕಾಣ್ತಿ ಯಮನೂರಾ, ಅಂದ್ರು,
ಪಟಗ ಮಾತ್ರ ಬೀಳಂಗಿಲ್ಲ, ಅದ ಆಶ್ಚರ್ಯ.

ನಾ ಕೋಲು ಹಿಡಿಯಾಂವ.
ನಾಕು ಮೀಟರಿನ ಕೋಲು, ಕೆಂಪು ಕರಿ ಗೆರಿ ಹೊಡದದ್ದು.
ಅವರು ಓದೋದು ಕೋಲು, ನನ್ನಲ್ಲ.
ಗಾಳಿ ಬಂದ್ರ ಗಾಳಿಗೆ ಬೆನ್ನು ಕೊಡಬೇಕು,
ಮೂಗಿನ ಮ್ಯಾಲ ನೊಣ ಕುಂತ್ರ ಕೂಡಲಿ.
"ಒಂದು, ಎಂಟು, ನಾಕು, ಐದು!"
ಸಾಹೇಬ್ರ ಕೂಗು ಕೊಳ್ಳದಾಗ ಇಳದು
ಎದುರಿನ ಕಲ್ಲಿಗೆ ಬಡದು
ಮತ್ತೊಮ್ಮೆ "ಐದು" ಅಂತ ಬರೋದು.
ವಹಿಯೊಳಗ ಒಂದ ಐದು ಬರಕೋತಿದ್ರು.

ಹಿನ್ನೋಟ, ಮುನ್ನೋಟ ಅಂತಾರ ಅದಕ್ಕ.
ಮೊದಲು ಬಿಟ್ಟು ಬಂದ ಕಲ್ಲು, ಆಮ್ಯಾಲ ಹೋಗೋ ಕಲ್ಲು.
ಯಂತ್ರ ಮುಂದ ಹೋಗಿ ಕೂಡೋ ತನಕ
ಕೋಲಿನ ಮುಖ ತಿರುಗಿಸಬಹುದು,
ಬುಡ ಎತ್ತಬಾರದು.
ಹೆಂಡತಿ ಹಡದಾಳಂತ ಸುದ್ದಿ ಬಂದ್ರೂ ಎತ್ತಬಾರದು,
ಅಂದಿದ್ರು ಮೊದಲ ದಿನಾನ.

ಗುಡ್ಡದ ನೆತ್ತಿ ಸಪಾಟ,
ಕೊಣಮಿಗಿ ಬೋರಲು ಹಾಕಿದಂಗ.
ಬಿಸಲು, ಕವಳಿ ಕಂಟಿ, ಮತ್ತ ಬಿಸಲು,
ನಡದಷ್ಟೂ ಅದ ಎತ್ತರ.
ಆಮ್ಯಾಲ ಒಮ್ಮೆಲೆ ನೆಲ ಮುಗೀತಿತ್ತು.

ರಾತ್ರಿ ಡೇರೆದಾಗ ಕಂದೀಲಿನ ಮುಂದ ಕುಂತು
ಗೆರಿ ಎಳೀತಿದ್ರು. ಒಂದೊಂದು ಗೆರಿ ಒಂದೊಂದು ಎತ್ತರ.
ನೆತ್ತಿ ಮ್ಯಾಲ ದೂರ ದೂರ ಇದ್ದ ಗೆರಿ
ಅಂಚಿಗೆ ಬಂದಾಗ ಒಂದರ ಮ್ಯಾಲೊಂದು ಕುಂತು
ಹದಿನಾಲ್ಕು ಕೂಡಿ ಒಂದ ದಪ್ಪ ಗೆರಿ ಆದ್ವು.
"ಇಲ್ಲಿ ಏನೂ ಇಲ್ಲಪಾ, ಬರೇ ಬೀಳೋದು" ಅಂದ್ರು.
ನಾ ಕಂದೀಲಿನ ಬತ್ತಿ ಏರಿಸಿದೆ, ಸುಮ್ಮನಿದ್ದೆ.

ಆ ಗೆರಿಯೊಳಗ
ಹೆಜ್ಜೇನಿನ ಏಳು ಹುಟ್ಟು,
ಕಲ್ಲು ಸೀಳಿ ಹೊರಗ ಬಂದ ಬಸರಿ ಗಿಡ,
ಹುಲಗವ್ವ ಆಡು ಇಳಿಸೋ ಮೆಟ್ಲು.
ಮೂರನೇ ಮೆಟ್ಲು ಸಡಲು, ಎಡಗಾಲ ಇಡಬೇಕು.
ನಾ ಹೊಟ್ಟಿಯೊಳಗಿದ್ದಾಗ
ನಮ್ಮವ್ವ ಕಟಗಿ ಹೊರಿ ಹೊತ್ತು
ಇಳದದ್ದೂ ಅಲ್ಲೇ.

ಮೂವತ್ತೇಳನೇ ಕಲ್ಲು ಅಂಚಿನ್ಯಾಗ.
ಓದಿ ಬರಕೊಂಡ್ರು, ಯಂತ್ರ ಹೆಗಲಿಗೇರಿಸಿ
ಮುಂದ ಹೊಂಟ್ರು, ಬೆನ್ನು ನನ್ನ ಕಡೆ.
ಕೆಳಗ ಸಂದಿನ್ಯಾಗ ಆಡಿನಮರಿ ಸಿಕ್ಕೊಂಡು ಒದರಿತು.
ಮೆಟ್ಲಿನ ತುದಿಗೆ ಹುಲಗವ್ವ,
ಕೈ ಸಾಲದು, ವಯಸ್ಸೂ ಸಾಲದು.
ನನ್ನ ಕಡೆ ನೋಡಿದಳು ಅಷ್ಟ, ಕರೀಲಿಲ್ಲ.

ಕೋಲು ಎತ್ತಿದೆ.
ಕಂಟಿಗೆ ಆನಿಸಿಟ್ಟು ಇಳದೆ,
ಮರಿ ಕಾಲು ತಿರುವಿ ಬಿಡಿಸಿ ಕೊಟ್ಟೆ,
ತಿರುಗಿ ಬಂದು ಅದ ಕಲ್ಲಿನ ಮ್ಯಾಲ
ಅದ ಜಾಗ ಅಂತ ಅನ್ಕೊಂಡು ಇಟ್ಟೆ.
ಎದಿ ಹೊಡಕೊಳ್ಳೋದು ಕೋಲಿಗೂ ಗೊತ್ತಾಗೋ ಹಂಗಿತ್ತು.
"ನೆಟ್ಟಗ ಹಿಡಿಯೋ!" ಅಂದ್ರು ದೂರದಿಂದ.

ಹನ್ನೆರಡು ದಿನ ಸುತ್ತಿ
ಹೊಂಟ ಕಲ್ಲಿಗೇ ಬಂದಿವಿ, ಬಾಣದ ಗುರುತು ಕೊರದ ಕಲ್ಲು.
ಕೂಡಿಸಿದ್ರು, ಕಳದ್ರು, ಮತ್ತ ಕೂಡಿಸಿದ್ರು.
ಹನ್ನೊಂದು ಮಿಲಿಮೀಟರ್ ಹೆಚ್ಚಿಗೆ.
ಗಾಳಿ ಇರಬೇಕು, ಅಂದ್ರು,
ಇಲ್ಲಾ ಬಿಸಲಿಗೆ ಕೋಲು ಹಿಗ್ಗಿರಬೇಕು.
ಇಷ್ಟು ತಪ್ಪಿಗೆ ಕಾಯ್ದೆ ಒಪ್ತೈತಿ.
ಕೆಂಪು ಶಾಯಿ ತಗೊಂಡು
ಕಲ್ಲಿಗಿಷ್ಟು ಅಂತ ತಪ್ಪು ಹಂಚಿದ್ರು ಎಲ್ಲಾ ಕಲ್ಲಿಗೂ,
ಬೀಗರೂಟದಾಗ ತುಪ್ಪ ಕಡಿಮಿ ಬಿದ್ದಾಗ
ಹನಿ ಹನಿ ಬಡಿಸಿದಂಗ.

ಹೇಳಬೇಕಿತ್ತು. ಬಾಯಿ ತಗದೆ ಸೈತ.
ಚಾ ಸೋಸು, ಅಂದ್ರು. ಸೋಸಿದೆ.

ನಕಾಶಿ ಅಚ್ಚಾಗಿ ಬಂತಂತ, ನಾ ನೋಡಿಲ್ಲ.
ಅದರಾಗ ನಮ್ಮ ಸೀಮಿ ಕಲ್ಲುಗಳೆಲ್ಲಾ
ಇದ್ದದ್ದಕ್ಕಿಂತ ಒಂದು ಕೂದಲೆಳಿ ತಗ್ಗಿ ನಿಂತಾವ,
ಯಾಕಂತ ಒಂದಕ್ಕೂ ಗೊತ್ತಿಲ್ಲ.

ಹುಲಗವ್ವ ಸಂತ್ಯಾಗ ಸಿಕ್ಕಾಗ ಕೇಳಿದಳು:
"ಅಳದ್ರೆಲ್ಲಪಾ, ಎಷ್ಟು ಎತ್ತರ ಆತು ನಮ್ಮ ಗುಡ್ಡ?"
"ಆರನೂರ ನಲವತ್ತೊಂದು ಮೀಟರು," ಅಂದೆ,
"ನಿನ್ನ ಆಡು ಬಿಟ್ಟು."